ಹಾಸು ಚಾಚುವ ಬಯಲು ಊರಿನ ಹೆಸರಿಗೆ ಬರಲಿ

ಮಾನ್ಯ ಸಂಪಾದಕರೇ,

ಚಳ್ಳಕೆರೆ ತಾಲ್ಲೂಕಿನ ನಮ್ಮ ಊರಿನ ಪಡುವಣ ಅಂಚಿಗೆ ಒಂದು ಬಯಲಿದೆ. ಕಂಬಳಿ ನೇಯುವ ಮನೆಯವರು ಹಾಸು (ಮಗ್ಗಕ್ಕೆ ಏರಿಸುವ ಉದ್ದದ ಎಳೆಗಳು) ಚಾಚಿ, ಅದಕ್ಕೆ ಸರಿ (ನೂಲು ಗಟ್ಟಿಯಾಗಲು ಸವರುವ ಗಂಜಿ) ಹಚ್ಚುವುದು ಅಲ್ಲೇ. ಕಳೆದ ತಿಂಗಳು ಅಳತೆಯವರು ಬಂದು ಅದರ ನಾಲ್ಕು ಮೂಲೆಗೂ ಸುಣ್ಣ ಬಳಿದ ಕಲ್ಲು ನೆಟ್ಟು ಹೋದರು. ಒಂದು ಕಲ್ಲಂತೂ ನಾವು ಗೂಟ ಹೂಡುವ ಜಾಗದಲ್ಲೇ ಕುಳಿತಿದೆ. ಯಾತಕ್ಕೆ ಎಂದು ಕೇಳಿದ ನಮ್ಮ ಅತ್ತೆಗೆ ಸಿಕ್ಕ ಉತ್ತರ, "ಇದು ಸರ್ಕಾರಿ ಜಾಗ ಅಜ್ಜಿ, ನಿಮಗೇಕೆ?" ನಮಗೇಕೆ ಎಂಬುದನ್ನು ತಿಳಿಸಲೆಂದೇ ಈ ಪತ್ರ.

ಮಗ್ಗವೊಂದಿದ್ದರೆ ಕಂಬಳಿ ಆಗುತ್ತದೆ ಎಂದು ಪೇಟೆಯವರು ತಿಳಿದಿರುತ್ತಾರೆ. ಗುಂಡಿಮಗ್ಗ ಮನೆಯೊಳಗೇ ಇರುತ್ತದೆ, ನಿಜ. ಆದರೆ ಅದಕ್ಕೆ ಏರುವ ಮುನ್ನ ಉಣ್ಣೆಯ ನೂಲು ಬಯಲಿಗೆ ಬರಲೇಬೇಕು. ಹುಣಸೆ ಬೀಜವನ್ನು ಹುರಿದು, ಕುಟ್ಟಿ ಸಿಪ್ಪೆ ಬಿಡಿಸಿ, ನೆನೆಹಾಕಿ, ರುಬ್ಬಿ, ಕುದಿಸಿ ಸರಿ ಮಾಡುತ್ತೇವೆ. ಹಾಸಿನ ನೂಲನ್ನು ಎರಡೂ ತುದಿಯಲ್ಲಿ ಗೂಟಕ್ಕೆ ಬಿಗಿದು, ಆ ಸರಿಯನ್ನು ಎಳೆ ಎಳೆಗೂ ತಾಗುವಂತೆ ಕುಂಚದಿಂದ ಸವರಿ ಬಿಸಿಲಿಗೆ ಬಿಡಬೇಕು. ಸರಿ ದಪ್ಪವಾದರೆ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ತೆಳುವಾದರೆ ಮಗ್ಗದಲ್ಲಿ ಹರಿಯುತ್ತಲೇ ಇರುತ್ತವೆ. ಅರ್ಧ ಒಣಗಿದಾಗ ಮಳೆ ಹನಿದರೆ ಅಷ್ಟೂ ದುಡಿಮೆ ನೀರುಪಾಲು. ಆ ಉದ್ದದ ಹಾಸು ಚಾಚಲು ನಮ್ಮ ಯಾರ ಅಂಗಳವೂ ಸಾಲದು. ಬೀದಿಯಲ್ಲಿ ಚಾಚೋಣವೆಂದರೆ ಟ್ರ್ಯಾಕ್ಟರು, ಬೈಕುಗಳ ಓಡಾಟ. ಬಯಲು ಹೋದರೆ ಮಗ್ಗವೂ ಹೋದಂತೆಯೇ.

ಇದು ನೇಯುವವರ ಪಾಡು ಮಾತ್ರವಲ್ಲ. ಶೇಂಗಾ ಕಿತ್ತ ಮೇಲೆ ಕಾಯಿ ಒಣಗುವುದು ಅಲ್ಲಿ, ರಾಗಿ ಒಕ್ಕುವುದು ಅಲ್ಲಿ, ಕುರಿಗಳ ಉಣ್ಣೆ ಕತ್ತರಿಸುವುದು ಅಲ್ಲಿ. ಸಂಜೆ ಹುಡುಗರ ವಾಲಿಬಾಲ್. ಮದುವೆಗೆ ಛತ್ರ ಹಿಡಿಯಲಾಗದ ಬಡವರ ಶಾಮಿಯಾನವೂ ಅಲ್ಲೇ ಏಳುತ್ತದೆ.

ಕಲ್ಲು ಕಂಡ ಮೇಲೆ ಪಹಣಿ ತೆಗೆಸಿದೆವು. ಸ್ವಾಧೀನದಾರರ ಹೆಸರು ಇರುವ 9ನೇ ಕಾಲಂನಲ್ಲಿ ‘ಸರ್ಕಾರ’ ಎಂದಿದೆ. ಇತರ ಹಕ್ಕುಗಳನ್ನು ಬರೆಯುವ 11ನೇ ಕಾಲಂ ಖಾಲಿ. ತಲೆಮಾರುಗಳಿಂದ ಊರೇ ಬಳಸಿಕೊಂಡು ಬಂದ ನೆಲದ ಕಾಗದದಲ್ಲಿ ಊರಿನ ಸುಳಿವೇ ಇಲ್ಲ. ಅರ್ಜಿ ಹಿಡಿದು ಹೋದರೆ ಒಬ್ಬರು ಇನ್ನೊಬ್ಬರ ಮೇಜು ತೋರಿಸಿದರು.

ಆ ಖಾಲಿ ಕಾಲಂ ನೋಡಿ ಎದೆ ಧಸಕ್ಕೆಂದದ್ದಕ್ಕೆ ಕಾರಣವಿದೆ. ಕಾವಲುಗಳ ಕಥೆಯನ್ನು ನಮ್ಮ ತಾಲ್ಲೂಕಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆಂದು ಕಾದಿಟ್ಟಿದ್ದ ಹುಲ್ಲುಗಾವಲುಗಳವು; ಸುತ್ತಲಿನ ಹಳ್ಳಿಗಳ ಕುರಿ, ದನಗಳೂ ಅಲ್ಲೇ ಮೇಯುತ್ತಿದ್ದವು. 2010ರ ಹೊತ್ತಿಗೆ ಕುದಾಪುರ, ಉಳ್ಳಾರ್ತಿ, ವರವು ಕಾವಲು ಕಡೆಯ ಸುಮಾರು 10,000 ಎಕರೆ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಮುಂತಾದ ಸಂಸ್ಥೆಗಳ ಪಾಲಾಗಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯೊಂದಕ್ಕೇ 1,500 ಎಕರೆ. ಎಷ್ಟೋ ಜನರಿಗೆ ಇದು ಗೊತ್ತಾದದ್ದು ಕಾಂಪೌಂಡ್ ಗೋಡೆ ಏಳತೊಡಗಿದಾಗ. ಮೊಕದ್ದಮೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಅಂಥ ಸಂಸ್ಥೆಗಳು ದೇಶಕ್ಕೆ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಮೇಯುವ ನೆಲ ಕಡಿಮೆಯಾದರೆ ಕುರಿ ಕಡಿಮೆ, ಕುರಿ ಕಡಿಮೆಯಾದರೆ ಉಣ್ಣೆ ಕಡಿಮೆ ಎಂಬ ಲೆಕ್ಕ ನೂಲುವ ನಮಗೆ ಚೆನ್ನಾಗಿ ಗೊತ್ತು. ಕಾಗದದಲ್ಲಿ ಬಳಸುವವರ ಹಕ್ಕು ಬರೆದಿರದಿದ್ದರೆ, ಅಷ್ಟು ದೊಡ್ಡ ಕಾವಲಿಗೇ ಆದದ್ದು ನಮ್ಮ ಸಣ್ಣ ಬಯಲಿಗೆ ಆಗಲು ಎಷ್ಟು ಹೊತ್ತು?

ಕಾನೂನಿನಲ್ಲಿ ದಾರಿ ಇಲ್ಲದೆ ಇಲ್ಲ. ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ 71ನೇ ಪ್ರಕರಣದಂತೆ ಜಿಲ್ಲಾಧಿಕಾರಿಗಳು ಸರ್ಕಾರಿ ನೆಲವನ್ನು ದನಗಳ ಮೇವಿಗೋ ಬೇರೆ ಸಾರ್ವಜನಿಕ ಉದ್ದೇಶಕ್ಕೋ ಕಾದಿರಿಸಬಹುದು; ಹಾಗೆ ಕಾದಿರಿಸಿದ್ದನ್ನು ಅವರ ಮಂಜೂರಾತಿ ಇಲ್ಲದೆ ಬೇರೆಯದಕ್ಕೆ ಬಳಸುವಂತಿಲ್ಲ. 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಊರೊಟ್ಟಿನ ನೆಲದ ಒತ್ತುವರಿ ತೆರವು ಮಾಡಿ ಗ್ರಾಮಸಭೆಗೋ ಪಂಚಾಯಿತಿಗೋ ಮರಳಿಸಲು ಯೋಜನೆ ರೂಪಿಸಿ ಎಂದು ಎಲ್ಲ ರಾಜ್ಯಗಳಿಗೂ ನಿರ್ದೇಶಿಸಿತು. ಕೈಬಿಟ್ಟು ಹೋದದ್ದನ್ನೇ ಮರಳಿಸಿ ಎಂದಿರುವಾಗ, ಇನ್ನೂ ಊರಿನ ಬಳಕೆಯಲ್ಲೇ ಇರುವುದನ್ನು ಬರೆದುಕೊಡಲು ಏನು ಅಡ್ಡಿ?

ಊರಿನೊಳಗೂ ಬೇರೆ ಬೇರೆ ಮಾತುಗಳಿವೆ. ನೇಕಾರರ ಸಂಘದ ಹೆಸರಿಗೇ ಮಾಡಿಸಿಕೊಳ್ಳೋಣ ಎಂದು ನಮ್ಮವರಲ್ಲೇ ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಸಂಘ ನಾಳೆ ಸಾಲ ಮಾಡಿಕೊಂಡು ಮುಚ್ಚಿದರೆ ಬಯಲೂ ಸಾಲದ ಲೆಕ್ಕಕ್ಕೆ ಸೇರುತ್ತದೆ. ಮೇಲಾಗಿ ಶೇಂಗಾ ಒಣಹಾಕುವವರನ್ನು, ಆಡುವ ಮಕ್ಕಳನ್ನು ನಾವೇ ಹೊರಗಿಟ್ಟರೆ ಅದು ಯಾವ ನ್ಯಾಯ? ನಿವೇಶನ ಮಾಡಿ ಮನೆಯಿಲ್ಲದವರಿಗೆ ಹಂಚಲಿ ಎನ್ನುವವರೂ ಇದ್ದಾರೆ. ಮನೆಯಿಲ್ಲದವರ ಕಷ್ಟ ಸಣ್ಣದಲ್ಲ. ಅವರಿಗೆ ಬೇರೆ ಜಾಗ ಕೊಡಿಸಲು ಇಡೀ ಊರು ಜೊತೆಗೆ ನಿಲ್ಲಬೇಕು, ನಾನೂ ನಿಲ್ಲುತ್ತೇನೆ. ಆದರೆ ಈ ಬಯಲನ್ನು ಹಂಚಿಬಿಟ್ಟರೆ ಊರಿಗೆ ಇಂಥ ಇನ್ನೊಂದು ಜಾಗವಿಲ್ಲ.

ಜಿಲ್ಲಾಧಿಕಾರಿಗಳಲ್ಲಿ ನಮ್ಮ ಕೋರಿಕೆ ಇಷ್ಟು. ಆ ಸರ್ವೆ ನಂಬರಿಗೆ ಹದ್ದುಬಸ್ತು (ಅಳೆದು ಗಡಿ ಗುರುತಿಸುವುದು) ಮಾಡಿಸಿ, ಅದನ್ನು ಊರಿನ ಹಾಸು ಬಯಲು ಮತ್ತು ಕಣವೆಂದು ಕಾದಿರಿಸಿ, ಪಹಣಿಯಲ್ಲಿ ನಮೂದಿಸಿ, ಗ್ರಾಮ ಪಂಚಾಯಿತಿಯ ವಶಕ್ಕೆ ಕೊಡಲಿ. ಗ್ರಾಮಸಭೆಯ ಒಪ್ಪಿಗೆ ಇಲ್ಲದೆ ಪಂಚಾಯಿತಿಯೂ ಅದನ್ನು ಯಾರಿಗೂ ಗುತ್ತಿಗೆ ಕೊಡಬಾರದೆಂಬ ಷರತ್ತು ಆದೇಶದಲ್ಲೇ ಇರಲಿ. ಬರುವ ಗ್ರಾಮಸಭೆಯಲ್ಲಿ ನಾವು ಠರಾವು ಮಂಡಿಸುತ್ತೇವೆ. ಸಹಿ ಹಾಕುವವರಲ್ಲಿ ಹೆಂಗಸರೇ ಹೆಚ್ಚಾಗಿರುತ್ತೇವೆ, ಏಕೆಂದರೆ ನೂಲುವವರೂ ಸರಿ ಕುದಿಸುವವರೂ ನಾವೇ. ಮುಂದಿನ ಸಲ ಅಳತೆಗೆ ಬರುವವರು ಮೊದಲೇ ನೋಟಿಸ್ ಕೊಟ್ಟು, ಊರಲ್ಲಿ ಡಂಗುರ ಸಾರಿಸಿ ಬರಲಿ. ಸರಪಳಿ ಹಿಡಿಯಲು ನಮ್ಮ ಹುಡುಗರೇ ಬರುತ್ತಾರೆ.

– ಉಣ್ಣೆ ನೂಲುವ ಮನೆಯ ಸೊಸೆ,
ಚಳ್ಳಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ