ಬಾಗಿಲು ತಟ್ಟಿದ್ದು ಯಾರು?

ಮುದ್ದು ಮಗಳೇ,

‘ದಿ ಮಂಕೀಸ್ ಪಾ’ ಎಂಬ ಭಯದ ಕಥೆ ಓದಿ ರಾತ್ರಿಯೆಲ್ಲಾ ದೀಪ ಉರಿಸಿಕೊಂಡೇ ಮಲಗಿದೆ ಅಂತ ಬರೆದಿದ್ದೀಯ. ನನಗಂತೂ ಖುಷಿಯಾಯಿತು. ಇಂಥ ಕಥೆಗಳನ್ನು ಕಂಡು ಯಾರಾದರೂ ಮೂಗು ಮುರಿದರೆ ತಲೆ ಕೆಡಿಸಿಕೊಳ್ಳಬೇಡ. ಹೆದರಿಸುವುದು, ನಗಿಸುವುದು ಎರಡೂ ಒಂದೇ ಕೈಚಳಕ ಅಂತ ನಾನು ನಂಬಿದ್ದೇನೆ.

ಅದನ್ನು 1902ರಲ್ಲಿ ಬರೆದ ಡಬ್ಲ್ಯೂ. ಡಬ್ಲ್ಯೂ. ಜೇಕಬ್ಸ್ ಹೆಸರು ಮಾಡಿದ್ದು ನಾವಿಕರ ತಮಾಷೆ ಕಥೆಗಳಿಂದ, ಗೊತ್ತಾ? ಆ ಕೊನೆಯ ದೃಶ್ಯವನ್ನು ಮತ್ತೊಮ್ಮೆ ನಿಧಾನವಾಗಿ ಓದು. ಸತ್ತ ಮಗ ಬಂದನೆಂದು ತಾಯಿ ಬಾಗಿಲಿಗೆ ಓಡುತ್ತಾಳೆ. ಕೆಳಗಿನ ಚಿಲಕ ತೆಗೆದಾಯಿತು, ಮೇಲಿನದು ಎಟುಕುತ್ತಿಲ್ಲ. ಕುರ್ಚಿ ಎಳೆಯುವ ಸದ್ದು. ಇತ್ತ ತಂದೆ ನೆಲದ ಮೇಲೆ ತಡಕಾಡುತ್ತಾ, ಕೇಳಿದ ವರ ಕೊಡುವ ಆ ಕೋತಿಯ ಪಂಜ ಹುಡುಕುತ್ತಿದ್ದಾನೆ, ಕೊನೆಯ ವರ ಕೇಳಲು. ಈಗ ಹೊರಗೆ ನಿಂತವನು ಸಾಲ ವಸೂಲಿಗೆ ಬಂದವನು ಅಂದುಕೊಂಡು ನೋಡು, ಅದೇ ಕುರ್ಚಿ, ಅದೇ ತಡಕಾಟಕ್ಕೆ ಹೊಟ್ಟೆ ಹುಣ್ಣಾಗುವಷ್ಟು ನಗು ಬರುತ್ತದೆ. ಬಾಗಿಲಾಚೆ ಏನಿತ್ತು ಅಂತ ಜೇಕಬ್ಸ್ ತೋರಿಸಲೇ ಇಲ್ಲ. ತೋರಿಸಿದ್ದರೆ ನಿನಗೆ ನಿದ್ದೆ ಬಂದಿರುತ್ತಿತ್ತು.

ಡೊನಾಲ್ಡ್ ವೆಸ್ಟ್‌ಲೇಕ್ ಇದೇ ದಾರಿಯಲ್ಲಿ ಎದುರು ದಿಕ್ಕಿನಿಂದ ಬಂದವನು. ರಿಚರ್ಡ್ ಸ್ಟಾರ್ಕ್ ಎಂಬ ಹೆಸರಿನಲ್ಲಿ ಪಾರ್ಕರ್ ಎಂಬ ಕಲ್ಲೆದೆಯ ಕಳ್ಳನ ಕಾದಂಬರಿಗಳನ್ನು ಬರೆಯುತ್ತಿದ್ದ. ಒಮ್ಮೆ, ಕದ್ದ ಮಾಲನ್ನೇ ಮತ್ತೆ ಮತ್ತೆ ಕದಿಯಬೇಕಾಗುವ ಕಥೆ ಹೊಳೆಯಿತು. ಬರೆಯುತ್ತಾ ಹೋದರೆ ಅದು ನಗೆಯ ಕಡೆಗೇ ವಾಲುತ್ತಿತ್ತು. ಪಾರ್ಕರ್‌ನಂಥವನನ್ನು ನಗೆಪಾಟಲು ಮಾಡಲಾದೀತೇ? ಅವನನ್ನು ಬದಿಗಿಟ್ಟು, ದುರದೃಷ್ಟ ಬೆನ್ನಿಗಂಟಿದ ಡಾರ್ಟ್‌ಮಂಡರ್‌ನನ್ನು ಹುಟ್ಟಿಸಿದ. 1970ರ ‘ದಿ ಹಾಟ್ ರಾಕ್’ ಆಗಿದ್ದು ಹೀಗೆ. ಪಚ್ಚೆಕಲ್ಲು ಕೈಗೆ ಬಂತು ಅನ್ನುವಷ್ಟರಲ್ಲಿ ತಪ್ಪಿಹೋಗುತ್ತದೆ. ನಗುತ್ತಲೇ ಇರುತ್ತೇವೆ, ಆದರೂ ಪ್ರತಿ ಕಳ್ಳತನದಲ್ಲೂ ಎದೆ ಡವಡವ ಅನ್ನುವುದು ನಿಲ್ಲುವುದಿಲ್ಲ, ಯಾಕೆಂದರೆ ಡಾರ್ಟ್‌ಮಂಡರ್ ತನ್ನ ಕೆಲಸವನ್ನು ತಮಾಷೆ ಅಂದುಕೊಂಡಿಲ್ಲ.

ಕೈಚಳಕಕ್ಕೆ ಕೆಲಸದ ಅರಿವೂ ಬೇಕು. ಅಗಾಥಾ ಕ್ರಿಸ್ಟಿ ನಿನಗೆ ಆಗಲೇ ಗೊತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಆಕೆ ಆಸ್ಪತ್ರೆಯ ಔಷಧಾಲಯದಲ್ಲಿ ಕೆಲಸ ಮಾಡಿದ್ದಳು. 1920ರ ಮೊದಲ ಕಾದಂಬರಿಯಲ್ಲಿ ವಿಷ ಅಷ್ಟು ಕರಾರುವಾಕ್ಕಾಗಿ ಕೆಲಸ ಮಾಡುವುದು ಅದಕ್ಕೇ.

ಮುಂದಿನ ಓದಿಗೆ ವೆಸ್ಟ್‌ಲೇಕ್ ಇರಲಿ. ಎಷ್ಟನೇ ಕಳ್ಳತನದಲ್ಲಿ ಜೋರಾಗಿ ನಕ್ಕೆ ಅಂತ ಬರಿ. ಶರ್ಲಿ ಜಾಕ್ಸನ್‌ಳ ಭಯದ ಕಾದಂಬರಿ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ ಮಾತ್ರ ಈಗಲೇ ಕೈಗೆತ್ತಿಕೊಳ್ಳಬೇಡ, ರಜೆಗೆ ಬಂದಾಗ ಇಬ್ಬರೂ ಒಟ್ಟಿಗೆ ಓದೋಣ.

ಪ್ರೀತಿಯಿಂದ,
ಅಮ್ಮ