ಭಾಷಣ ಆಮೇಲೆ ಬರೆಯೋಣ, ಮೊದಲು ವಂಶವೃಕ್ಷ ಮಾಡಿಸು

ಗೆಳೆಯಾ,

ನಿನ್ನ ಮೆಸೇಜು ನೋಡಿದೆ. ಮಾರ್ಚ್ 8ಕ್ಕೆ ನಿಮ್ಮ ಶಾಲೆಯಲ್ಲಿ ಮಹಿಳಾ ದಿನ, ನೀನೇ ಮಾತಾಡಬೇಕು, ಹೆಣ್ತನ ಅಂದರೇನು, ಮಹಿಳಾ ಸಬಲೀಕರಣ ಯಾಕೆ ಬೇಕು ಅಂತ ಎರಡು ಪುಟ ಬರೆದುಕೊಡು ಅಂದಿದ್ದೀಯ. ಅದರ ಕೆಳಗೇ ಇನ್ನೊಂದು ಮೆಸೇಜು. ತೀರಿಹೋದ ಅಪ್ಪನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆ ಮಾಡಿಸಬೇಕು, ಪಾಲು ಬೇಡ ಅಂತ ಅಕ್ಕನ ಕೈಲಿ ಒಂದು ರಿಲೀಸ್ ಡೀಡ್ (ಹಕ್ಕು ಬಿಡುಗಡೆ ಪತ್ರ) ಬರೆಸಬೇಕು, ನಿಮ್ಮ ಪತ್ರ ಬರಹಗಾರರ ಆಫೀಸಿನಲ್ಲಿ ಎಷ್ಟಾಗುತ್ತೆ ಅಂತ. ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಿದ್ದೀಯ ಕಣೋ. ಓದಿ ನಗು ಬಂತು, ಆಮೇಲೆ ಸಿಟ್ಟು ಬಂತು, ಅದಕ್ಕೇ ಫೋನ್ ಮಾಡದೆ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಭಾಷಣದ ವಿಷಯ. ಅದು ಹೇಗಿರುತ್ತದೆ ಅಂತ ನಿನಗೂ ಗೊತ್ತು. ಹೆಣ್ಣು ಭೂಮಿತಾಯಿ, ಸಹನೆಯ ಮೂರ್ತಿ, ತ್ಯಾಗಮಯಿ, ಸಂಸಾರದ ಕಣ್ಣು. ಆಮೇಲೆ ಒಂದು ಗುಲಾಬಿ, ಒಂದು ಸ್ಟೀಲ್ ಡಬ್ಬಿ, ರಂಗೋಲಿ ಸ್ಪರ್ಧೆಯ ಬಹುಮಾನ. ನಮ್ಮ ಕಡೆ ಭಾಷಣ ಮಾಡುವವರು ತಪ್ಪದೆ ಇಬ್ಬರ ಹೆಸರು ಹೇಳುತ್ತಾರೆ. ಒಂದು ಸಾಲುಮರದ ತಿಮ್ಮಕ್ಕ, ಇನ್ನೊಂದು ಸೂಲಗಿತ್ತಿ ನರಸಮ್ಮ. ಇಬ್ಬರೂ ತುಮಕೂರು ಜಿಲ್ಲೆಯವರೇ. ತಿಮ್ಮಕ್ಕ ಹುಟ್ಟಿದ್ದು ಗುಬ್ಬಿ ತಾಲೂಕಿನಲ್ಲಿ, ನರಸಮ್ಮ ಪಾವಗಡ ತಾಲೂಕಿನ ಕೃಷ್ಣಾಪುರದವರು. ನರಸಮ್ಮ ಅಜ್ಜಿಯಿಂದ ಕಲಿತ ವಿದ್ಯೆಯಲ್ಲಿ 15,000ಕ್ಕೂ ಜಾಸ್ತಿ ಹೆರಿಗೆ ಮಾಡಿಸಿದರು, ದುಡ್ಡು ತೆಗೆದುಕೊಳ್ಳಲಿಲ್ಲ. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್‌ನಲ್ಲಿ ತೀರಿಕೊಂಡರು.

ವೇದಿಕೆ ಮೇಲೆ ಇದನ್ನು ಹೇಳುವಾಗ ಚಪ್ಪಾಳೆ ಯಾವಾಗ ಬೀಳುತ್ತದೆ ಗಮನಿಸಿದ್ದೀಯಾ? ಹೊಟ್ಟೆ ಮುಟ್ಟಿಯೇ ಮಗು ಹೇಗಿದೆ ಅಂತ ಹೇಳುತ್ತಿದ್ದರು ಅಂದಾಗ ಅಲ್ಲ. ದುಡ್ಡು ತೆಗೆದುಕೊಳ್ಳಲಿಲ್ಲ ಅಂದಾಗ. ಅವರು ತಾವಾಗಿ ಕೊಟ್ಟವರು, ಅದಕ್ಕೇ ದೊಡ್ಡವರು. ಆದರೆ ಹೆಣ್ಣು ಅಂದಮೇಲೆ ಸುಮ್ನೆ ಕೊಡಲೇಬೇಕು, ಕೇಳಬಾರದು ಅಂತ ನಾವು ನಿಯಮ ಮಾಡಿಕೊಂಡು ಅದಕ್ಕೆ ಹೆಣ್ತನ ಅಂತ ಹೆಸರಿಟ್ಟರೆ, ಅದು ಬೇರೆಯೇ ವ್ಯವಹಾರ.

ನನ್ನ ಕೇಳಿದರೆ ಹೆಣ್ತನ ಅಂತ ಒಂದು ಗುಣವೇ ಇಲ್ಲ. ನಾನು ನೋಡಿರುವ ಹೆಂಗಸರಲ್ಲಿ ತಾಳ್ಮೆ ಇರುವವರೂ ಇದ್ದಾರೆ, ಮೂಗಿನ ತುದಿಯಲ್ಲೇ ಕೋಪ ಇರುವವರೂ ಇದ್ದಾರೆ. ಲೆಕ್ಕದಲ್ಲಿ ಪಕ್ಕಾ ಇರುವವರು, ಸಂತೆಯಲ್ಲಿ ಜಗಳ ಆಡಿ ಐದು ರೂಪಾಯಿ ಇಳಿಸುವವರು, ಒಂದು ಗಂಟೆ ಯಾರೂ ಮಾತಾಡಿಸದಿದ್ದರೆ ಸಾಕಪ್ಪ ಅನ್ನುವವರು. ಗಂಡಸರೂ ಹೀಗೇ ಅಲ್ವಾ? ಎಲ್ಲ ಹೆಂಗಸರಿಗೂ ಒಂದೇ ಥರ ಅನ್ವಯಿಸುವುದು ಅಂತ ನನಗೆ ಕಂಡಿರುವುದು ಒಂದೇ. ಅವರ ಕೆಲಸ ಎಲ್ಲರಿಗೂ ಬೇಕು, ಅವರ ಹೆಸರು ಮಾತ್ರ ಕಾಗದದ ಮೇಲೆ ಬೇಡ.

ನಿಮ್ಮ ರೇಷ್ಮೆ ಹುಳು ಮನೆಯನ್ನೇ ತೆಗೆದುಕೋ. ಚಾಕಿ ಹುಳ (ಮರಿ ಹುಳ) ತಂದ ದಿನದಿಂದ ಗೂಡು ಬಿಡಿಸುವವರೆಗೆ ನಿಮ್ಮಮ್ಮ ಸರಿಯಾಗಿ ನಿದ್ದೆ ಮಾಡಿದ್ದನ್ನು ನೀನು ನೋಡಿದ್ದೀಯಾ? ನಾಲ್ಕು ಜ್ವರ, ಅಂದರೆ ಹುಳ ತಿನ್ನುವುದು ಬಿಟ್ಟು ಪೊರೆ ಕಳಚುವ ಹೊತ್ತು, ದಾಟಬೇಕು. ನಾಲ್ಕನೇ ಜ್ವರ ಎದ್ದ ಮೇಲೆ ಹುಳ ತಿನ್ನುವ ಸೊಪ್ಪೇ ಒಟ್ಟು ಸೊಪ್ಪಿನ ಮುಕ್ಕಾಲು ಪಾಲಿಗಿಂತ ಜಾಸ್ತಿ, ಆ ಏಳೆಂಟು ದಿನ ಮನೆಯಲ್ಲಿ ಅಡುಗೆಯೂ ನೆಟ್ಟಗೆ ಆಗುವುದಿಲ್ಲ. ರಾತ್ರಿ ಎದ್ದು ಸೊಪ್ಪು ಹಾಕುವುದು, ಹುಳದ ಹಾಸಿಗೆಯ ಕಸ ತೆಗೆಯುವುದು, ಸುಣ್ಣ ಉದುರಿಸುವುದು, ಹಣ್ಣಾದ ಹುಳ ಆರಿಸಿ ಗೂಡು ಕಟ್ಟಲು ಚಂದ್ರಿಕೆಯ ತಟ್ಟೆಗೆ ಬಿಡುವುದು. ಇದೆಲ್ಲ ಅಮ್ಮ, ಅಕ್ಕ, ಪಕ್ಕದ ಮನೆಯ ಹೆಂಗಸರು. ಗೂಡು ತುಂಬಿಕೊಂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಗುತ್ತಿದ್ದದ್ದು ಅಪ್ಪ. ಹರಾಜಿನ ದುಡ್ಡು ಬೀಳುತ್ತಿದ್ದದ್ದು ಅಪ್ಪನ ಅಕೌಂಟಿಗೆ. ಊರಲ್ಲಿ "ಅವರು ಒಳ್ಳೆ ಬೆಳೆ ತೆಗೀತಾರೆ" ಅನ್ನಿಸಿಕೊಳ್ಳುತ್ತಿದ್ದದ್ದೂ ಅಪ್ಪನೇ.

(ಇನ್ನೊಂದು ತಮಾಷೆ. ನಮ್ಮ ಮನೆಯಲ್ಲಿ ಮುಟ್ಟಾದವರು ಹುಳು ಮನೆಗೆ ಕಾಲಿಡುವಂತಿರಲಿಲ್ಲ, ಹುಳಕ್ಕೆ ರೋಗ ಬರುತ್ತಂತೆ. ಆದರೆ ಕೊನೆ ವಾರ ಆಳು ಸಿಗದಿದ್ದರೆ ಆ ಮಡಿ ಮೈಲಿಗೆ ಯಾರಿಗೂ ನೆನಪೇ ಆಗುತ್ತಿರಲಿಲ್ಲ. ಹುಳವೂ ಆರಾಮಾಗಿ ಗೂಡು ಕಟ್ಟುತ್ತಿತ್ತು.)

ಹೆಂಗಸರ ಹೆಸರು ಯಾವ ಕಾಗದದಲ್ಲೂ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದೆ. ರೇಷನ್ ಕಾರ್ಡಿನಲ್ಲಿ ಇದೆ, 2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ಮನೆಯ ಹಿರಿಯ ಹೆಂಗಸೇ ಯಜಮಾನಿ. 2023ರಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಅವರ ಅಕೌಂಟಿಗೇ ಬರುತ್ತದೆ. ಅದೇ ವರ್ಷ ಜೂನ್ 11ರಿಂದ ಬಸ್ಸೂ ಫ್ರೀ. ಬಿಟ್ಟಿ ಬಸ್ಸು ಅಂತ ನೀನೂ ಸ್ಟಾಫ್ ರೂಮಿನಲ್ಲಿ ಆಡಿಕೊಂಡು ನಕ್ಕಿರುತ್ತೀಯ, ಗೊತ್ತು ನನಗೆ. ಆದರೆ ಯಾರನ್ನೂ ದುಡ್ಡು ಕೇಳದೆ ಹೊಸ್ತಿಲು ದಾಟಿ ಆಸ್ಪತ್ರೆಗೋ ತವರಿಗೋ ಹೋಗಿಬರುವುದು ಎಷ್ಟು ದೊಡ್ಡ ವಿಷಯ ಅಂತ ನಮ್ಮ ಆಫೀಸಿನಲ್ಲಿ ಕಸ ಗುಡಿಸುವ ಅಮ್ಮನನ್ನು ಕೇಳು, ಹೇಳುತ್ತಾರೆ.

ಇನ್ನೊಂದು ಕಡೆಯೂ ಹೆಂಗಸರದೇ ಹೆಸರು. ಸಾಲದ ಪುಸ್ತಕದಲ್ಲಿ. ಸಂಘದ ಸಾಲ ಅವಳ ಹೆಸರಲ್ಲಿ, ಫೈನಾನ್ಸಿನವರ ವಾರದ ಕಂತು ಅವಳ ಹೆಸರಲ್ಲಿ. ಆ ದುಡ್ಡು ಬೋರ್‌ವೆಲ್‌ಗೆ ಹೋಯಿತೋ ಗಂಡನ ಬೈಕಿಗೆ ಹೋಯಿತೋ, ಕಂತಿನ ದಿನ ಮನೆ ಬಾಗಿಲಲ್ಲಿ ನಿಂತು ಬೈಸಿಕೊಳ್ಳುವವಳು ಅವಳೇ. ಈ ವಸೂಲಿ ಕಾಟ ಎಲ್ಲಿಗೆ ಹೋಗಿ ಮುಟ್ಟಿತು ಅಂದರೆ 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಇನ್ನು ಜಮೀನಿನ ದಾಖಲೆ, ಪಹಣಿ? ಅದರಲ್ಲಿ ಗಂಡ, ಮಾವ, ಮೈದುನ. 2015-16ರ ಕೃಷಿ ಗಣತಿಯಲ್ಲಿ ಇಡೀ ದೇಶದ ಹಿಡುವಳಿಗಳಲ್ಲಿ ಹೆಂಗಸರ ಹೆಸರಿನಲ್ಲಿದ್ದದ್ದು ನೂರಕ್ಕೆ ಸುಮಾರು 14. ಪಹಣಿ ಇಲ್ಲದಿದ್ದರೆ ಸೊಸೈಟಿಯಲ್ಲಿ ಬೆಳೆ ಸಾಲ ಇಲ್ಲ, ಡ್ರಿಪ್ ಸಬ್ಸಿಡಿ ಇಲ್ಲ, ಬೆಳೆ ಹೋದರೆ ಪರಿಹಾರವೂ ಇಲ್ಲ. ಗೇಯುವವಳು ಅವಳು, ಸಾಲಗಾರಳೂ ಅವಳು, ರೈತ ಮಾತ್ರ ಅವನು. ಸಬಲೀಕರಣ ಯಾಕೆ ಬೇಕು ಅಂತ ಕೇಳಿದೆಯಲ್ಲ, ನನಗೆ ಗೊತ್ತಿರುವ ಉತ್ತರ ಇಷ್ಟೇ.

ಈಗ ನಿನ್ನ ಎರಡನೇ ಮೆಸೇಜಿಗೆ ಬರುತ್ತೇನೆ.

ಪತ್ರ ಬರಹಗಾರರ ಹತ್ತಿರ ಟೈಪ್ ಮಾಡಿ ಮಾಡಿ ನನ್ನ ಬೆರಳುಗಳಿಗೆ ರಿಲೀಸ್ ಡೀಡ್ ಬಾಯಿಪಾಠ ಆಗಿಬಿಟ್ಟಿದೆ. ಸ್ವಸ್ಥಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ, ಅರಿಶಿನ ಕುಂಕುಮದ ಬಾಬ್ತು ಇಷ್ಟು ರೂಪಾಯಿ ಪಡೆದು, ಮುಂದೆ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವ ಹಕ್ಕೂ ಇರುವುದಿಲ್ಲ. ಸ್ವಸಂತೋಷ ಪಟ್ಟವರು ಹೊರಗೆ ಬೆಂಚಿನ ಮೇಲೆ ಬ್ಯಾಗು ತೊಡೆ ಮೇಲಿಟ್ಟುಕೊಂಡು ಕೂತಿರುತ್ತಾರೆ. ಓದಿ ಹೇಳಲಾ ಅಮ್ಮ ಅಂದರೆ, "ಬೇಡ ಕಣಮ್ಮ, ಅಣ್ಣ ಎಲ್ಲಾ ನೋಡ್ಕೊಂಡಿದ್ದಾನೆ" ಅನ್ನುತ್ತಾರೆ. ಕೆಲವರು ಹೆಬ್ಬೆಟ್ಟು ಕೊಡುವಾಗ ಅಳುತ್ತಾರೆ. ಯಾಕೆ ಅಂತ ಅಣ್ಣಂದಿರು ಯಾರೂ ಕೇಳಿದ್ದನ್ನು ನಾನು ನೋಡಿಲ್ಲ.

ನಮ್ಮ ಮನೆಯಲ್ಲೇ ಆಗಿದೆ. ನನ್ನ ಸೋದರತ್ತೆ ಹೀಗೇ ಸಹಿ ಹಾಕಿದರು, ಒಂದು ರೇಷ್ಮೆ ಸೀರೆ, ಸ್ವಲ್ಪ ದುಡ್ಡು. ಆಗ ಆ ಜಮೀನಿಗೆ ಅಂಥ ಬೆಲೆಯೂ ಇರಲಿಲ್ಲ, ರಾಗಿ, ಹುರುಳಿ ಬೆಳೆಯುತ್ತಿದ್ದ ಖುಷ್ಕಿ. 2008ರಲ್ಲಿ ದೇವನಹಳ್ಳಿಯಲ್ಲಿ ಏರ್‌ಪೋರ್ಟ್ ಶುರುವಾದ ಮೇಲೆ ಈ ಕಡೆ ನೆಲಕ್ಕೆ ರೆಕ್ಕೆ ಬಂತು. ಅಪ್ಪ, ಚಿಕ್ಕಪ್ಪ ಮಾರಿದರು, ಮನೆ ಕಟ್ಟಿದರು. ಅತ್ತೆ ಅಷ್ಟರಲ್ಲಿ ಗಂಡನನ್ನು ಕಳೆದುಕೊಂಡು ಫಿಲೇಚರ್ (ರೇಷ್ಮೆ ನೂಲು ತೆಗೆಯುವ ಕಾರ್ಖಾನೆ) ಸೇರಿದ್ದರು. ಬೆಳಗಿನಿಂದ ಸಂಜೆವರೆಗೆ ಬಿಸಿನೀರಿಗೆ ಕೈ ಹಾಕಿ ಗೂಡಿನಿಂದ ಎಳೆ ಹುಡುಕುವುದು, ಬೆರಳ ಸಂದಿಯೆಲ್ಲ ಬೆಳ್ಳಗೆ ಬಿರಿದಿರುತ್ತಿತ್ತು. ಆದರೂ ಅಣ್ಣಂದಿರ ಮೇಲೆ ಒಂದು ಮಾತಾಡಲಿಲ್ಲ. ಗೌರಿ ಹಬ್ಬಕ್ಕೆ ಬಾಗಿನ ಬರುತ್ತಿತ್ತಲ್ಲ, ಅದು ನಿಂತುಹೋದರೆ ಅನ್ನುವ ಭಯ. ತವರು ಬೇಕಾದರೆ ಜಮೀನು ಬಿಡು, ಜಮೀನು ಬೇಕಾದರೆ ತವರು ಬಿಡು. ಇಂಥ ಲೆಕ್ಕವನ್ನು ಯಾವ ಗಂಡುಮಗನ ಮುಂದೆಯಾದರೂ ಇಟ್ಟಿದ್ದಾರಾ?

ನಿನ್ನ ಮಾತುಗಳು ನನಗೆ ಗೊತ್ತು, ನೀನು ಹೇಳುವ ಮೊದಲೇ ಬರೆದುಬಿಡುತ್ತೇನೆ. ಅಕ್ಕನ ಮದುವೆಗೆ ಸಾಲ ಮಾಡಿದ್ವಿ ಅನ್ನುತ್ತೀಯ. ಮಾಡಿದ್ರಿ, ಅದರಲ್ಲಿ ಎಷ್ಟು ಅವಳಿಗೆ ಹೋಯಿತು, ಎಷ್ಟು ಹುಡುಗನ ಕಡೆಯವರಿಗೆ ಹೋಯಿತು? 1961ರಿಂದ ವರದಕ್ಷಿಣೆ ಅಪರಾಧ. ಅಪರಾಧಕ್ಕೆ ಖರ್ಚು ಮಾಡಿದ್ದನ್ನು ಅವಳ ಪಾಲಿನಲ್ಲಿ ಕಳೆಯುವುದು ಯಾವ ನ್ಯಾಯ? ಜಮೀನು ಹರಿದು ಹಂಚಿಹೋಗುತ್ತೆ ಅನ್ನುತ್ತೀಯ. ನೀನು, ನಿನ್ನ ತಮ್ಮ ಹಂಚಿಕೊಂಡರೆ ಹರಿಯುವುದಿಲ್ಲವಾ? ಕೋಲಾರ ಜಿಲ್ಲೆಯನ್ನೇ 2007ರಲ್ಲಿ ಎರಡು ಪಾಲು ಮಾಡಿ ಚಿಕ್ಕಬಳ್ಳಾಪುರ ಮಾಡಿದರು, ಆಕಾಶವೇನೂ ಬೀಳಲಿಲ್ಲ.

ಭಾವ ಕುಡಿದು ಕಳೆಯುತ್ತಾನೆ ಅನ್ನುವುದು ಮಾತ್ರ ನಿಜವಾದ ಚಿಂತೆ, ಒಪ್ಪುತ್ತೇನೆ. ಅದಕ್ಕೇ ಅದು ಅವಳ ಹೆಸರಲ್ಲೇ ಇರಲಿ. ಅವಳ ಸಹಿ ಇಲ್ಲದೆ ಅವನು ಮಾರುವ ಹಾಗಿಲ್ಲ. ಕಾನೂನಿನಲ್ಲಿ ಇನ್ನೊಂದು ಮಾತೂ ಇದೆ. ತಂದೆಯಿಂದ ಬಂದ ಆಸ್ತಿ ಇರುವ ಹೆಣ್ಣುಮಗಳು ಮಕ್ಕಳು ಮೊಮ್ಮಕ್ಕಳಿಲ್ಲದೆ, ಉಯಿಲು ಬರೆಯದೆ ತೀರಿಕೊಂಡರೆ ಅದು ಗಂಡನಿಗೆ ಹೋಗುವುದಿಲ್ಲ, ತಂದೆಯ ವಾರಸುದಾರರಿಗೇ ವಾಪಸ್ ಬರುತ್ತದೆ.

ಕಾನೂನು ಹೊಸದು, ನಮಗೆ ಗೊತ್ತಿರಲಿಲ್ಲ ಅನ್ನಬೇಡ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕಿನ ಕಾಯ್ದೆ ಮಾಡಿತ್ತು, ಕೋಲಾರ, ತುಮಕೂರು ಎಲ್ಲ ಅದರೊಳಗೇ ಇದ್ದವು. 1956ರ ಉತ್ತರಾಧಿಕಾರ ಕಾಯ್ದೆಯಲ್ಲಿ ಅಪ್ಪನ ಸ್ವಯಾರ್ಜಿತದಲ್ಲಿ ಮಗಳಿಗೂ ಸಮ ಪಾಲು ಬಂತು. ಪಿತ್ರಾರ್ಜಿತದಲ್ಲಿ ಕರ್ನಾಟಕ 1994ರಲ್ಲೇ ಮಗಳಿಗೆ ಹಕ್ಕು ಕೊಟ್ಟಿತು, ಆದರೆ ಆಗಾಗಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯಲ್ಲಿ ಆ ಭೇದವೂ ಹೋಯಿತು. ಅಪ್ಪ ಆ ದಿನ ಬದುಕಿದ್ದರೆ ಮಾತ್ರ ಅಂತ ಆಮೇಲೂ ಕೋರ್ಟುಗಳಲ್ಲಿ ಎಳೆದಾಡಿದರು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದಕ್ಕೂ ತೆರೆ ಎಳೆಯಿತು. ಹುಟ್ಟಿನಿಂದಲೇ ಹಕ್ಕು, ಮಗನ ಹಾಗೇ. 2004ರ ಡಿಸೆಂಬರ್ 20ಕ್ಕೆ ಮೊದಲೇ ಸರಿಯಾಗಿ ಆಗಿಹೋದ ವಿಭಾಗಗಳನ್ನು ಮಾತ್ರ ಕೆದಕುವ ಹಾಗಿಲ್ಲ. ನಿಮ್ಮ ಮನೆಯಲ್ಲಿ ಅಂಥ ವಿಭಾಗ ಯಾವುದೂ ಆಗಿಲ್ಲ ಅಂತ ನೀನೇ ಹೇಳಿದ್ದೀಯ.

ಅಕ್ಕನೇ ಬೇಡ ಅಂದಿದ್ದಾಳೆ ಅನ್ನುವುದು ನಿನ್ನ ಕೊನೆಯ ಮಾತು ಇರಬೇಕು. ಯಾರ ಮುಂದೆ ಅಂದಳು? ತಿಥಿ ದಿನ, ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ ನಿಮ್ಮ ದೊಡ್ಡಪ್ಪ ಕೇಳಿದರು, ಅವಳು ತಲೆ ಆಡಿಸಿದಳು. ಅಕ್ಕನ ಊರು ಮಾಲೂರಿಗೆ ಬಸ್ಸು ಹತ್ತು, ಭಾವ ಇಲ್ಲದಾಗ ಒಬ್ಬನೇ ಕೂತು ಕೇಳು. ಎಷ್ಟು ಎಕರೆ, ಈಗ ಎಕರೆಗೆ ಎಷ್ಟು ನಡೆಯುತ್ತಿದೆ, ಕಾನೂನಿನ ಪ್ರಕಾರ ಅವಳದು ಎಷ್ಟು ಅಂತ ಚೀಟಿಯಲ್ಲಿ ಬರೆದು ತೋರಿಸಿ ಕೇಳು. "ನೀನು ಏನು ಹೇಳಿದರೂ ಹಬ್ಬಕ್ಕೆ ಕರೆಯುವುದು ತಪ್ಪಿಸಲ್ಲ" ಅಂತ ಮೊದಲು ಹೇಳಿ ಆಮೇಲೆ ಕೇಳು. ಅಷ್ಟಾದ ಮೇಲೂ ಬೇಡ ಅಂದರೆ ಅವಳಿಷ್ಟ. ದುಡ್ಡು ತೆಗೆದುಕೊಂಡು ಬಿಡುತ್ತೇನೆ ಅಂದರೆ ಇವತ್ತಿನ ರೇಟಿನ ದುಡ್ಡು ಕೊಡು, ಅದನ್ನೇ ಪತ್ರದಲ್ಲಿ ಬರೆಸು. ಅರಿಶಿನ ಕುಂಕುಮದ ಬಾಬ್ತು ಅಂತ ಮಾತ್ರ ನಾನು ಟೈಪ್ ಮಾಡಲ್ಲ.

ಇಷ್ಟೆಲ್ಲ ಅಕ್ಕನ ಬಗ್ಗೆ ಆಯಿತು. ನಿನ್ನ ಮೆಸೇಜನ್ನು ಇನ್ನೊಂದು ಸಲ ಓದಿದೆ. ಖಾತೆ ನಿನ್ನ ಹೆಸರಿಗೂ ತಮ್ಮನ ಹೆಸರಿಗೂ ಆಗಬೇಕು ಅಂದಿದ್ದೀಯ. ಅಮ್ಮ? ಅಪ್ಪನ ಪಾಲಿನಲ್ಲಿ ನಿಮ್ಮಷ್ಟೇ ಪಾಲು ಅಮ್ಮನಿಗೂ ಇದೆ ಕಣೋ. ನಾಳೆ ನೀವಿಬ್ಬರೂ ಬೇರೆ ಬೇರೆ ಆದರೆ ಅವರು ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ ಅಂತ ಬಟ್ಟೆ ಗಂಟು ಹೊತ್ತುಕೊಂಡು ತಿರುಗಬೇಕಾ? ಸ್ವಂತ ಪಾಲಿದ್ದರೆ ಯಾರ ಮನೆಯಲ್ಲಿ ಇರಬೇಕು ಅಂತ ಅವರೇ ಹೇಳುತ್ತಾರೆ. ನಿನ್ನ ಹೆಂಡತಿ ಸ್ವಲ್ಪ ಜಾಸ್ತಿ ಮರ್ಯಾದೆಯಿಂದ ಕಾಫಿಯನ್ನೂ ಕೊಡುತ್ತಾಳೆ. ಇದನ್ನು ಅವಳಿಗೆ ತೋರಿಸಬೇಡ.

ಹಾಗಾಗಿ ಈಗ ಮಾಡಬೇಕಾದದ್ದು ಇಷ್ಟು. ಅಪ್ಪನ ಮರಣ ಪ್ರಮಾಣ ಪತ್ರ ಇಟ್ಟುಕೊಂಡು ವಂಶವೃಕ್ಷಕ್ಕೆ ಅರ್ಜಿ ಹಾಕು. ಅದರಲ್ಲಿ ಅಮ್ಮ, ಅಕ್ಕ, ನೀನು, ತಮ್ಮ, ನಾಲ್ಕೂ ಹೆಸರು ಬರಬೇಕು. ಹೆಣ್ಣುಮಕ್ಕಳ ಹೆಸರು ಬಿಟ್ಟು ವಂಶವೃಕ್ಷ ಮಾಡಿಸುವ ಚಾಳಿ ನಮ್ಮ ಕಡೆ ಇದೆ, ಯಾರಾದರೂ ಬ್ರೋಕರ್ ಹಾಗೆ ಮಾಡಿಕೊಡುತ್ತೇನೆ ಅಂದರೆ ಅವನ ಹತ್ತಿರ ಹೋಗಬೇಡ, ಮುಂದೆ ಮಾರುವಾಗಲೋ ಸಾಲ ತೆಗೆಯುವಾಗಲೋ ಅದೇ ಕುತ್ತಿಗೆಗೆ ಬರುತ್ತದೆ. ಪೌತಿ ಖಾತೆ ಸದ್ಯಕ್ಕೆ ನಾಲ್ಕೂ ಜನರ ಹೆಸರಿಗೆ ಜಂಟಿಯಾಗಿ ಆಗಲಿ. ವಿಭಾಗ ಪತ್ರ ಆಮೇಲೆ ನಿಧಾನವಾಗಿ ಕೂತು ಮಾತಾಡಿ ಮಾಡಿಸಬಹುದು. ಎಲ್ಲರ ಆಧಾರ್ ಜೆರಾಕ್ಸ್ ತೆಗೆದಿಡು. ಅಕ್ಕನ ಆಧಾರ್‌ನಲ್ಲಿ ಮದುವೆಯಾದ ಮೇಲೆ ಹೆಸರು ಬದಲಾಗಿದೆಯಾ ನೋಡು, ಬದಲಾಗಿದ್ದರೆ ಅವಳ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡೂ ಬೇಕಾಗುತ್ತದೆ. ಶನಿವಾರ ನಿನಗೆ ಅರ್ಧ ದಿನ ಅಲ್ವಾ, ಮಧ್ಯಾಹ್ನ ಆಫೀಸಿಗೆ ಬಾ. ಬರುವಾಗ ಅಮ್ಮನನ್ನೂ ಕರೆದುಕೊಂಡು ಬಾ, ಅರ್ಜಿಯನ್ನು ಅವರಿಗೆ ನಾನೇ ಓದಿ ಹೇಳುತ್ತೇನೆ.

ನಿನ್ನ ಗೆಳತಿ