ನೀರು ಹೊಕ್ಕ ಬಾಡಿಗೆ ಕ್ಯಾಮೆರಾ ಮತ್ತು ಮುರಿದುಕೊಂಡ ಠೇವಣಿ ಕುರಿತು ದೂರು

ಇವರಿಂದ:
ಫೋಟೊ ಡೈವ್‌ಗೆ ಬುಕ್ ಮಾಡಿದ್ದ ಮೂವರು ಗ್ರಾಹಕರು
ಜಯನಗರ, ಬೆಂಗಳೂರು

ಇವರಿಗೆ:
ವ್ಯವಸ್ಥಾಪಕರು, ಸ್ಕೂಬಾ ಪ್ರವಾಸ ವಿಭಾಗ
ಬೆಂಗಳೂರು ಕಚೇರಿ

ವಿಷಯ: ಅಂಡಮಾನಿನ ಸ್ವರಾಜ್ ದ್ವೀಪದ ನೀಮೋ ರೀಫ್‌ನಲ್ಲಿ ನಿಮ್ಮ ಕ್ಯಾಮೆರಾ ಹೌಸಿಂಗ್ (ಕ್ಯಾಮೆರಾಗೆ ನೀರು ತಾಗದಂತೆ ಇಡುವ ಪೆಟ್ಟಿಗೆ) ಸೋರಿದ್ದು, ಠೇವಣಿ ಹಿಂದಿರುಗಿಸುವ ಬಗ್ಗೆ

ಮಾನ್ಯರೇ,

ನಮ್ಮ ಠೇವಣಿಯ 25,000 ರೂಪಾಯಿ ಮುರಿದುಕೊಂಡದ್ದಕ್ಕೆ ನೀವು ಕೊಟ್ಟ ಕಾರಣ ಒಂದೇ ಸಾಲಿನದು: ‘ಗ್ರಾಹಕರ ಅಜಾಗರೂಕತೆ’. ಇದನ್ನು ನಾವು ಒಪ್ಪುವುದಿಲ್ಲ. ಹೌಸಿಂಗ್ ಮುಚ್ಚಿದವರು ನಿಮ್ಮ ಸಿಬ್ಬಂದಿ. ಮುಚ್ಚಿದ್ದು ದಡದ ಮರಳಿನ ಮೇಲೆ ಹಾಸಿದ್ದ ಟಾರ್ಪಾಲಿನಲ್ಲಿ, ಸುತ್ತ ಜನ ಓಡಾಡುತ್ತಿರುವಾಗ.

ಮೇಲೆ ಬಂದು ಹಿಂಬದಿಯ ಮುಚ್ಚಳ ತೆಗೆದಾಗ, ಕೀಲಿನ ಪಕ್ಕದ ಕೆಳಮೂಲೆಯಲ್ಲಿ ಓ-ರಿಂಗ್ (ನೀರು ಒಳಬಾರದಂತೆ ಮುಚ್ಚಳದ ಅಂಚಿಗೆ ಕೂರಿಸುವ ರಬ್ಬರ್ ಬಳೆ) ಮೇಲೆ ಒಂದೇ ಒಂದು ಬಿಳಿ ಮರಳಿನ ಹರಳು ಕೂತಿತ್ತು. ಅದರ ಕೆಳಗೆ ರಬ್ಬರ್ ಸಣ್ಣಗೆ ಕುಳಿ ಬಿದ್ದಿತ್ತು, ಸುತ್ತ ಗ್ರೀಸ್ ಬೆಣ್ಣೆಯಂತೆ ಮೆತ್ತಿಕೊಂಡಿತ್ತು (ಚಿತ್ರ 1). ಸಿಲಿಕೋನ್ ಗ್ರೀಸ್ ನೀರು ತಡೆಯಲೆಂದು ಹಚ್ಚುವುದಲ್ಲ. ರಿಂಗು ತಿರುಚಿಕೊಳ್ಳದೆ ತನ್ನ ತೋಡಿನಲ್ಲಿ ಜಾರಿ ಕೂರಲೆಂದು ಹಚ್ಚುವುದು; ರಬ್ಬರಿಗೆ ಹೊಳಪು ಬಂದರೆ ಸಾಕು. ಜಾಸ್ತಿಯಾದರೆ ಮರಳು, ಕೂದಲು, ಟವೆಲ್ಲಿನ ನೂಲು ಎಲ್ಲವೂ ಅದಕ್ಕೇ ಅಂಟುತ್ತವೆ.

ಇನ್ನು ಆಳದ ವಿಷಯ. ಹೌಸಿಂಗ್‌ನೊಳಗಿನ ಲೀಕ್ ಅಲಾರಂ ಕೂಗಿದ್ದು ಎರಡು ಮೀಟರ್ ಆಳ ಮುಟ್ಟುವ ಮೊದಲೇ. ಇಳಿದ ಆಳವನ್ನು ದಾಖಲಿಸುವ ಡೈವ್ ಕಂಪ್ಯೂಟರಿನ ದಾಖಲೆ ಲಗತ್ತಿಸಿದ್ದೇವೆ. ಕೆಳಗಿಳಿದಂತೆ ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಆ ಒತ್ತಡವೇ ಮುಚ್ಚಳವನ್ನು ರಿಂಗಿನ ಮೇಲೆ ಅದುಮಿ ಹಿಡಿಯುತ್ತದೆ. ಮೇಲ್ಮೈ ಹತ್ತಿರ ಆ ಬಿಗಿ ಇರುವುದಿಲ್ಲ, ಜೊತೆಗೆ ಅಲೆಯ ಹೊಡೆತ ಬೇರೆ. ಸರಿಯಾಗಿ ಕೂರದ ರಿಂಗು ಸೋರುವುದು ಹೆಚ್ಚಾಗಿ ಅಲ್ಲೇ. ಕ್ಯಾಮೆರಾವನ್ನು ಮಿತಿಮೀರಿದ ಆಳಕ್ಕೆ ಒಯ್ದಿರಬಹುದು ಎಂದು ನಿಮ್ಮ ಕಚೇರಿಯವರು ಫೋನಿನಲ್ಲಿ ಹೇಳಿದ ಮಾತಿಗೆ ಆಧಾರವೇ ಇಲ್ಲ.

ಅದೇ ಹೌಸಿಂಗ್‌ಗೆ ವ್ಯಾಕ್ಯೂಮ್ ವಾಲ್ವ್ ಇದೆ. ಕೈಪಂಪಿನಿಂದ ಒಳಗಿನ ಗಾಳಿ ಎಳೆದು, ಹಸಿರು ದೀಪ ಹದಿನೈದು–ಇಪ್ಪತ್ತು ನಿಮಿಷ ಹಸಿರಾಗಿಯೇ ಉಳಿಯುತ್ತದೆಯೇ ಎಂದು ನೋಡಿದ್ದರೆ ದೋಷ ದಡದಲ್ಲೇ ಗೊತ್ತಾಗುತ್ತಿತ್ತು. ಪಂಪ್ ಎಲ್ಲಿ ಎಂದು ಕೇಳಿದ್ದಕ್ಕೆ, ಅಂಗಡಿಯಲ್ಲಿದೆ, ಹೋಗಿ ತರುವಷ್ಟು ಟೈಮಿಲ್ಲ ಎಂಬ ಉತ್ತರ ಬಂತು.

ಟೈಮಿಲ್ಲದ್ದಕ್ಕೆ ಕಾರಣ ನಿಮ್ಮ ಬುಕಿಂಗ್. ‘ಫೋಟೊ ಡೈವ್’ ಎಂದು ತಲೆಗೆ 3,500 ರೂಪಾಯಿ ಹೆಚ್ಚಿಗೆ ಪಡೆದು, ಅದೇ ದಡಕ್ಕೆ ಅದೇ ಬೆಳಗಿನ ಒಂಬತ್ತಕ್ಕೆ ಟ್ರೈ ಡೈವ್ ಗುಂಪುಗಳನ್ನೂ ಕಳಿಸಿದಿರಿ. ಮೊದಲ ಸಲ ಕಡಲಿಗಿಳಿಯುವವರಿಗೆ ದಡದಿಂದಲೇ ಇಳಿಯಬಹುದಾದ, ಆಳ ಕಡಿಮೆಯ ಆ ಜಾಗವೇ ಸರಿ. ಅವರ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ತೇಲುವ ಹತೋಟಿ ಇನ್ನೂ ಬಾರದವರ ಕಾಲು ಜೋತುಬಿದ್ದು ಫಿನ್ (ಪಾದಕ್ಕೆ ತೊಡುವ ಈಜುರೆಕ್ಕೆ) ನೆಲಕ್ಕೆ ಬಡಿಯುತ್ತದೆ. ಅಲ್ಲಿನ ಹಿಟ್ಟಿನಂಥ ಮರಳು ಒಮ್ಮೆ ಎದ್ದರೆ ನಿಮಿಷಗಟ್ಟಲೆ ಕೂರುವುದಿಲ್ಲ. ಅಂಥ ನೀರಿನಲ್ಲಿ ಸ್ಟ್ರೋಬ್ (ನೀರಿನೊಳಗಿನ ಫ್ಲ್ಯಾಶ್) ಹೊಡೆದರೆ ಲೆನ್ಸಿನ ಮುಂದಿನ ಒಂದೊಂದು ಕಣವೂ ಬಿಳಿ ಚುಕ್ಕೆಯಾಗುತ್ತದೆ. ಸ್ಟ್ರೋಬ್ ತೋಳುಗಳನ್ನು ಅಗಲಿಸಿ ಹಿಂದಕ್ಕೆಳೆದು, ಬೆಳಕಿನ ಅಂಚಷ್ಟೇ ಮೀನಿಗೆ ತಾಗುವಂತೆ ತಿರುಗಿಸಿದರೂ ಚುಕ್ಕೆ ಹೋಗಲಿಲ್ಲ. ಉಳಿದ ಮದ್ದು ಹತ್ತಿರ ಹೋಗುವುದು, ಒಂದಡಿಯೊಳಗೆ. ಮೀನು ಆಶ್ರಯ ಪಡೆಯುವ ಹೂವಿನಂಥ ಕಡಲಜೀವಿ, ಒಂದು ಅನಿಮೋನಿಯ ಸುತ್ತ ಎಂಟು ಜನ ಮಂಡಿಯೂರಿದ್ದಾಗ ಅದು ಆಗುವ ಮಾತಲ್ಲ. ಸೋರದ ಎರಡು ಕ್ಯಾಮೆರಾಗಳಲ್ಲೂ ಇಟ್ಟುಕೊಳ್ಳುವಂಥ ಒಂದು ಚಿತ್ರ ಸಿಗಲಿಲ್ಲ.

ನಮಗೆ ಇದಕ್ಕಿಂತ ನೋವಾದದ್ದು ಇನ್ನೊಂದು. ವಿಡಿಯೊ ಚೆನ್ನಾಗಿ ಬರಲೆಂದು ನಿಮ್ಮ ಗೈಡ್, ಡೈವ್ ಮಾಡಲು ಬಂದಿದ್ದ ಒಬ್ಬರ ಕೈಯನ್ನು ಹಿಡಿದು ಜೀವಂತ ಹವಳದ ಮೇಲೆ ಊರಿಸಿದ್ದು ಚಿತ್ರ 4ರಲ್ಲಿದೆ. ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ದಿನಕ್ಕೆ ಇಂಥ ಎಷ್ಟು ಕೈಗಳು ಅದೇ ಗಡ್ಡೆಯ ಮೇಲೆ ಬೀಳುತ್ತವೆಂದು ದಯವಿಟ್ಟು ವಿಚಾರಿಸಿ, ಇದನ್ನು ಕೂಡಲೇ ನಿಲ್ಲಿಸಿ.

ಠೇವಣಿ 25,000 ಮತ್ತು ಮೂವರ ಫೋಟೊ ಡೈವ್ ಶುಲ್ಕ 10,500, ಒಟ್ಟು 35,500 ರೂಪಾಯಿಯನ್ನು ಈ ಪತ್ರ ತಲುಪಿದ 15 ದಿನದೊಳಗೆ ಹಿಂದಿರುಗಿಸಬೇಕು. ಇಲ್ಲವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಾವು ವಾಸವಿರುವ ಬೆಂಗಳೂರಿನಲ್ಲೇ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ.

ಮುಂದಿನ ಗ್ರಾಹಕರಿಗಾದರೂ ಹೌಸಿಂಗನ್ನು ಪ್ರವಾಸಕ್ಕೆ ಮುಂಚೆ ಬೆಂಗಳೂರಿನಲ್ಲೇ ಕೈಗೆ ಕೊಡಿ. ಕ್ಯಾಮೆರಾ ಹಾಕದೆ, ಒಳಗೆ ಟಿಶ್ಯೂ ಪೇಪರ್ ಇಟ್ಟು ಮುಚ್ಚಿ, ನೀವು ತರಬೇತಿ ಕೊಡುವ ಈಜುಕೊಳದ ತಳದಲ್ಲಿ ಅರ್ಧ ಗಂಟೆ ಬಿಟ್ಟರೆ ಸೋರುತ್ತದೋ ಇಲ್ಲವೋ ತಿಳಿಯುತ್ತದೆ. ಡೈವ್‌ನ ಹಿಂದಿನ ರಾತ್ರಿ, ಫ್ಯಾನ್ ನಿಲ್ಲಿಸಿದ ಕೋಣೆಯಲ್ಲಿ ಮುಚ್ಚಿದರೆ ದಡದಲ್ಲಿ ತೆರೆಯುವ ಪ್ರಮೇಯವೇ ಬರುವುದಿಲ್ಲ. ಕ್ಯಾಮೆರಾ ಅದ್ದುವ ಸಿಹಿನೀರಿನ ಟಬ್ ಬೇರೆ ಇರಲಿ. ಮಾಸ್ಕ್, ಬೂಟುಗಳ ಟಬ್ಬಿನ ತಳದಲ್ಲಿ ಮರಳು ಬೊಗಸೆಗಟ್ಟಲೆ ಇತ್ತು. ಫೋಟೊ ಡೈವ್‌ನವರನ್ನು ಬೆಳಕು ಹರಿದೊಡನೆ, ಟ್ರೈ ಡೈವ್‌ಗಳಿಗಿಂತ ಮುಂಚೆ ಇಳಿಸಿ. ಉಬ್ಬರವಿಳಿತದ ಸಮಯ ನೋಡಿ, ನೀರು ತುಂಬಿರುವ ದಿನಗಳಿಗೇ ಬುಕಿಂಗ್ ತೆಗೆದುಕೊಳ್ಳಿ.

ನಿಮ್ಮ ಸಿಬ್ಬಂದಿ ಹೊಸ ಓ-ರಿಂಗ್ ಹಾಕುವಾಗ ತೆಗೆದೆಸೆದ ಹಳೆಯದು ನಮ್ಮ ಬಳಿ ಇದೆ. ಒರೆಸದೆ, ತೊಳೆಯದೆ, ಆ ಹರಳಿನ ಸಮೇತ ಜಿಪ್ ಕವರಿನಲ್ಲಿಟ್ಟಿದ್ದೇವೆ. ನಿಮ್ಮ ತಂತ್ರಜ್ಞರು ಜಯನಗರಕ್ಕೆ ಬಂದು ನೋಡಬಹುದು.

ಇತಿ,
ತಮ್ಮ ವಿಶ್ವಾಸಿಗಳು

ಲಗತ್ತು: ಚಿತ್ರ 1ರಿಂದ 6, ಡೈವ್ ಕಂಪ್ಯೂಟರ್ ದಾಖಲೆ, ಠೇವಣಿ ರಸೀದಿ